ವಾದ್ಯದ ತೋಟ ಹುಡುಕಿದ್ದು

ನಮ್ಮಮ್ಮ ತನ್ನ ಎಪ್ಪತ್ತೊಂದನೇ ವಯಸ್ಸಿನಲ್ಲಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ರಾಜಧಾನಿ ನೋಡಿದಳು. ತುಳಿದವಳು ನಾನು. ನನಗೂ ಆಗ ಐವತ್ತಕ್ಕೆ ಒಂದೇ ವರ್ಷ ಕಡಿಮೆ. ಆದರೆ ನಮ್ಮೂರಿನ ಹೆರಿಗೆ ಆಸ್ಪತ್ರೆಯ ನರ್ಸಾಗಿ ಇಪ್ಪತ್ತೇಳು ವರ್ಷ ಬಾಣಂತಿಯರ ಮನೆಮನೆಗೆ ಸೈಕಲ್ಲಿನಲ್ಲೇ ತಿರುಗಿದವಳಾದ್ದರಿಂದ ಕಾಲಿಗೆ ಅಭ್ಯಾಸವಿತ್ತು. ಅಮ್ಮನ ತೂಕವೂ ಹೆಚ್ಚೇನಿರಲಿಲ್ಲ.

ಹೋಗಬೇಕು ಅಂತ ಹಟ ಹಿಡಿದವಳು ಅವಳೇ. ಆ ವರ್ಷ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆ. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ತೋರಿಸಿ ಎಷ್ಟು ಅಂತ ಕೇಳಿದರೆ ಅದಕ್ಕೆ ಉತ್ತರ ಹೇಳದೆ ನನ್ನ ಕಡೆ ತಿರುಗಿ, "ಕಣ್ಣು ಬಂತಲ್ಲ ಸೇವಂತಿ, ಇನ್ನು ಅವರನ್ನ ನೋಡ್ಕೊಂಡು ಬರಬೇಕು" ಅಂದಳು. ಅವರು ಅಂದರೆ ಯಾರು ಅಂತ ನಾನು ಕೇಳಲಿಲ್ಲ. ನಾನು ಹುಟ್ಟಿದ್ದು ರಾಜಧಾನಿಯ ಒಂದು ಪಾರ್ಕಿನಲ್ಲಿ. ಅಲ್ಲಿ ತೋಟದ ಕೆಲಸಕ್ಕಿದ್ದ ಚೆನ್ನಾಜಮ್ಮ ಅನ್ನುವವರು ಹೆರಿಗೆ ಮಾಡಿಸಿ, ತಾಯಿ ಮಗುವನ್ನು ಮನೆಗೆ ಕರೆದುಕೊಂಡು ಹೋಗಿ ಬಾಣಂತನವನ್ನೂ ಮಾಡಿದ್ದರು. ಇಷ್ಟು ಕತೆ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಇದಕ್ಕಿಂತ ಹೆಚ್ಚು ಕೇಳಿದರೆ ಅಮ್ಮ ಎದ್ದು ಒಲೆ ಮುಂದೆ ಹೋಗಿ ಕೂರುತ್ತಿದ್ದಳು.

ರಾಜಧಾನಿಯ ಪಾರ್ಕುಗಳು ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಜಾಗ ಬದಲಿಸುತ್ತವೆ. ಪಾರ್ಕುಗಳು ಮೂವತ್ತೊಂದು. ಅವು ಬಂದು ನಿಲ್ಲುವ ಬಯಲುಗಳು ಅದರ ಎರಡರಷ್ಟಿವೆ. ಆ ಬಯಲುಗಳಲ್ಲಿ ಯಾರೂ ಒಂದು ಗೂಡಂಗಡಿಯನ್ನೂ ಇಡುವಂತಿಲ್ಲ. ಅಮಾವಾಸ್ಯೆಯ ದಿನ ಹನ್ನೆರಡಕ್ಕೆ ತೋಟದವರು ಸೀಟಿ ಊದಿ ಜನರನ್ನೆಲ್ಲ ಹೊರಗೆ ಕಳಿಸುತ್ತಾರೆ. ಊಟ ಮುಗಿಸಿ ಕೈತೊಳೆಯಲು ಹಿತ್ತಲಿಗೆ ಬಂದವರು ನೋಡಿದರೆ ಬೀದಿಯ ಕೊನೆಯಲ್ಲಿದ್ದ ಪಾರ್ಕು ಇರುವುದಿಲ್ಲ. ಇನ್ನೆಲ್ಲೋ ಇನ್ಯಾರದೋ ಕಾಂಪೌಂಡಿನ ಮೇಲೆ ಹೊಸದಾಗಿ ಮರದ ನೆರಳು ಬಿದ್ದಿರುತ್ತದೆ. ಯಾವುದು ಎಲ್ಲಿ ನಿಂತಿತು ಅಂತ ಮೊದಲ ಎರಡು ಮೂರು ದಿನ ಪೂರ್ತಿ ಯಾರಿಗೂ ಗೊತ್ತಿರುವುದಿಲ್ಲ. ಬಸ್ಸುಗಳು ನಿಂತಲ್ಲೇ ನಿಂತಿರುವ ಅರಮನೆ, ಗಡಿಯಾರದ ಗೋಪುರ, ಶಾಸನಸಭೆ, ದೊಡ್ಡ ಕೆರೆ ಇಷ್ಟಕ್ಕೆ ಮಾತ್ರ ಓಡುತ್ತವೆ. ಪಾರ್ಕಿಗೆ ಹೋಗಬೇಕಾದರೆ ಸೈಕಲ್ಲೇ ಗತಿ. ಹಾಗಾಗಿ ಅಲ್ಲಿ ಸೈಕಲ್ ಇಲ್ಲದ ಮನೆಯಿಲ್ಲ. ಪಾಡ್ಯದ ದಿನ ಆಫೀಸುಗಳಿಗೆ ರಜೆ. ಗಂಡಸರು ಹೆಂಗಸರು ಟಿಫಿನ್ ಡಬ್ಬಿ ಕಟ್ಟಿಕೊಂಡು ತಮ್ಮ ತಮ್ಮ ಪಾರ್ಕು ಹುಡುಕಲು ಹೊರಡುತ್ತಾರೆ.

ನಾವು ಇಳಿದದ್ದು ಸರಿಯಾಗಿ ಆ ಪಾಡ್ಯದ ಬೆಳಿಗ್ಗೆ. ಬಸ್ ನಿಲ್ದಾಣದ ಎದುರಿಗೇ ದಸ್ತಗೀರ್ ಸಾಬ್ರ ಬಾಡಿಗೆ ಸೈಕಲ್ ಅಂಗಡಿ. ಅಂಗಡಿಯ ಗೋಡೆಗೆ ಆಳೆತ್ತರದ ಕಪ್ಪುಹಲಗೆ. ಅದರಲ್ಲಿ ಮೂವತ್ತೊಂದು ಪಾರ್ಕಿನ ಹೆಸರು ಬರೆದು ಎದುರಿಗೆ ಜಾಗ ಖಾಲಿ ಬಿಟ್ಟಿತ್ತು. ಸೈಕಲ್ಲಿನವರು ಬಂದು ಕಂಡದ್ದನ್ನು ಹೇಳುತ್ತಿದ್ದರು, ಸಾಬ್ರು ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದರು. ಅಮ್ಮ ಹೊಸ ಕಣ್ಣಿನಿಂದ ಹಲಗೆಯನ್ನು ಎರಡು ಸಲ ಮೇಲಿನಿಂದ ಕೆಳಗೆ ಓದಿದಳು. ಅವಳಿಗೆ ಬೇಕಾದ, ನಾನು ಹುಟ್ಟಿದ ವಾದ್ಯದ ತೋಟ ಅದರಲ್ಲಿ ಇರಲೇ ಇಲ್ಲ. ಅವಳ ಮುಖ ಸಣ್ಣದಾಯಿತು.

"ಹೆಸರು ಬಿಡಿ ಅಮ್ಮ," ಅಂದರು ಸಾಬ್ರು. "ಹೆಸರು ಸರ್ಕಾರ ಬಂದಾಗೆಲ್ಲ ಬದಲಾಗುತ್ತೆ. ಒಳಗೆ ಏನಿತ್ತು ಹೇಳಿ."

ಎಂಟು ಮೂಲೆಯ ಒಂದು ಮಂಟಪ, ಅಲ್ಲಿ ಭಾನುವಾರ ಪೊಲೀಸ್ ಬ್ಯಾಂಡಿನವರು ಬಾರಿಸುತ್ತಿದ್ದರು, ಪಕ್ಕದಲ್ಲಿ ಸೇವಂತಿಗೆಯ ಮಡಿಗಳು ಅಂತ ಅಮ್ಮ ಹೇಳಿದಳು. ಮಂಟಪ ಇರುವ ಪಾರ್ಕು ಐದಿವೆ ಅಂದ ಸಾಬ್ರು ಐದರ ಮುಂದೂ ಗುರುತು ಹಾಕಿ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಗಟ್ಟಿ ಕ್ಯಾರಿಯರ್ ಇರುವ ಸೈಕಲ್ಲೊಂದನ್ನು ಆರಿಸಿ, ಅಮ್ಮ ಕೂರುವ ಕಡೆ ಗೋಣಿಚೀಲ ಮಡಚಿ ಕಟ್ಟಿ, ಕಾಲಿಡಲು ಚಕ್ರದ ಅಚ್ಚಿಗೆ ಮರದ ತುಂಡೊಂದನ್ನು ಬಿಗಿದರು. ಅಮ್ಮ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು ನನ್ನ ಸೊಂಟ ಹಿಡಿದಳು. ನಾನು ಮಗುವಾಗಿದ್ದಾಗ ಬಿಟ್ಟರೆ ನಾವಿಬ್ಬರೂ ಅಷ್ಟು ಹತ್ತಿರ ಇದ್ದದ್ದು ನನಗೆ ನೆನಪಿಲ್ಲ.

ಮೊದಲ ದಿನ ಎರಡು ಮಂಟಪ ನೋಡಿದೆವು. ಒಂದು ಗಡಿಯಾರದ ಗೋಪುರದ ಹಿಂದಿನ ಬಯಲಿಗೆ ಬಂದಿತ್ತು, ಇನ್ನೊಂದು ಕೆರೆಯ ಆಚೆ ದಂಡೆಗೆ. ಎರಡೂ ಅಲ್ಲ. ಆದರೂ ಅಮ್ಮನಿಗೆ ಅವಸರವಿರಲಿಲ್ಲ. ದಾರಿಯಲ್ಲಿ ಕಂಡದ್ದಕ್ಕೆಲ್ಲ ನಿಲ್ಲಿಸು ಅನ್ನುತ್ತಿದ್ದಳು. ಗೋಪುರದ ಗಂಟೆ ಹೊಡೆಯುವುದನ್ನು ಕೇಳಲೆಂದು ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಂತೆವು. ಶಾಸನಸಭೆಯ ಮೆಟ್ಟಿಲುಗಳನ್ನು ನೋಡಿ, ಇಷ್ಟೊಂದು ಹತ್ತಿ ಹೋದವರು ಒಳಗೆ ಕೂತು ಮಾತಾಡುವಷ್ಟು ಉಸಿರು ಉಳಿಸಿಕೊಂಡಿರುತ್ತಾರಾ ಅಂತ ಕೇಳಿದಳು. ಊರು ಅವತ್ತು ಸೈಕಲ್ಲುಗಳಿಂದ ತುಂಬಿಹೋಗಿತ್ತು. ಎದುರು ಬಂದವರು ಗುರುತಿರಲಿ ಇಲ್ಲದಿರಲಿ, "ಸಿಕ್ಕಿತಾ?" ಅಂತ ಕೇಳಿ ಮುಂದೆ ಹೋಗುತ್ತಿದ್ದರು. ಪಾರ್ಕು ಹೊಸದಾಗಿ ಬಂದು ನಿಂತ ಬೀದಿಗಳಲ್ಲಿ ಮನೆಯವರು ಬಾಗಿಲ ಮುಂದೆ ಹಂಡೆಯಲ್ಲಿ ಕುಡಿಯುವ ನೀರಿಟ್ಟಿದ್ದರು, ತಿಂಗಳಿಡೀ ಬರುವವರಿಗೆ. ಕೆರೆಯ ಹತ್ತಿರ ಒಬ್ಬ ಹೆಂಗಸು ಪಾರ್ಕಿನ ಬೇಲಿಯ ಮೇಲೆ ಆಗಲೇ ಸೀರೆ ಒಣಹಾಕಿದ್ದಳು. ಅಮ್ಮ ಕೇಳಿದ್ದಕ್ಕೆ, ಹೋದ ತಿಂಗಳು ಇಲ್ಲಿ ಬರೀ ಬಯಲು, ಧೂಳು ತಿಂದು ಸಾಕಾಗಿತ್ತು, ಈ ಸಲ ನಮ್ಮ ಪುಣ್ಯಕ್ಕೆ ಹೊಂಗೆ ಮರ ಬಂತು ಅಂದಳು.

ಅಮ್ಮ ಹಳೆಯದರ ಬಗ್ಗೆ ಬಾಯಿ ಬಿಟ್ಟದ್ದು ಮರುದಿನ ಬೆಳಿಗ್ಗೆ, ಮೂರನೆಯ ಮಂಟಪವೂ ಅಲ್ಲ ಅಂತ ಆದಮೇಲೆ. ಆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಬುತ್ತಿಯ ಚಿತ್ರಾನ್ನ ತಿನ್ನುತ್ತಿದ್ದೆವು. ಅಮ್ಮ ತುತ್ತು ಕೈಯಲ್ಲೇ ಹಿಡಿದುಕೊಂಡು, "ಅವರ ಮುಂದೆ ನಿಂತಾಗ ನಿನಗೆ ಹೇಗೂ ಗೊತ್ತಾಗುತ್ತೆ. ಅದಕ್ಕೆ ನಾನೇ ಹೇಳ್ಬಿಡ್ತೀನಿ" ಅಂದಳು.

ಅವಳು ಹೇಳಿದ್ದು ಇಷ್ಟು. ನನ್ನಪ್ಪ ರಾಜಧಾನಿಯಲ್ಲಿ ಕೆಲಸ ಸಿಕ್ಕಿತು ಅಂತ ಬಂದವನು ಆರು ತಿಂಗಳು ಸುದ್ದಿಯಿಲ್ಲದೆ ಹೋದ. ತುಂಬಿದ ಬಸುರಿ ಅಮ್ಮ ವಿಳಾಸ ಹಿಡಿದು ಹುಡುಕಿಕೊಂಡು ಬಂದಳು. ವಿಳಾಸದ ಮನೆಯ ಬಾಗಿಲು ತೆಗೆದವಳು ಅವನ ಇನ್ನೊಬ್ಬ ಹೆಂಡತಿ. ಅಮ್ಮ ಏನೂ ಮಾತಾಡದೆ ಹಿಂತಿರುಗಿ, ನಡೆದು ನಡೆದು, ಸಿಕ್ಕಿದ ಪಾರ್ಕಿನೊಳಗೆ ಹೋಗಿ ಮಂಟಪದಲ್ಲಿ ಕೂತಳು. ಅವತ್ತು ಅಮಾವಾಸ್ಯೆ. ಸೀಟಿ ಊದಿದ್ದು ಕೇಳಿಸಿತು. ಎಲ್ಲಿಗೆ ಹೋಗಬೇಕು ಅಂತ ತೋಚದೆ ಏಳಲಿಲ್ಲ. ಪಾರ್ಕು ಜಾಗ ಬಿಡುವ ಹೊತ್ತಿಗೆ ನೋವು ಶುರುವಾಗಿತ್ತು. ಮರೆತ ಕುಡುಗೋಲು ತರಲು ಮತ್ತೆ ಒಳಗೆ ಹೋಗಿದ್ದ ಚೆನ್ನಾಜಮ್ಮ ನರಳಾಟ ಕೇಳಿ ಓಡಿಬಂದರು. ಆ ಮಂಟಪದ ನೆಲದ ಮೇಲೇ ನಾನು ಹುಟ್ಟಿದೆ. ತೊಳೆದು ಒರೆಸಿ ಅಮ್ಮನ ಕಡೆ ಹಿಡಿದರೆ ಅವಳು ಮುಖ ತಿರುಗಿಸಿದಳಂತೆ.

"ಒಂದು ದಿನ ಅಲ್ಲ," ಅಂದಳು ಅಮ್ಮ. "ಮೂವತ್ತೆಂಟು ದಿನ. ನಿನ್ನ ಮುಖ ನೋಡಲಿಲ್ಲ, ಮುಟ್ಟಲಿಲ್ಲ. ಅನಾಥಾಲಯಕ್ಕೆ ಕೊಟ್ಟುಬಿಡಿ ಅಂತ ದಿನಾ ಹೇಳ್ತಿದ್ದೆ."

ಚೆನ್ನಾಜಮ್ಮ ಸರಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲವಂತೆ. ತಮ್ಮ ವಠಾರದಲ್ಲೇ ಇದ್ದ ಎಳೆಬಾಣಂತಿಯೊಬ್ಬಳ ಹತ್ತಿರ ಎರಡು ಹೊತ್ತು ಹಾಲು ಕುಡಿಸಿ, ಉಳಿದಂತೆ ಹಸುವಿನ ಹಾಲನ್ನು ಒಳಲೆಯಲ್ಲಿ ಹಾಕಿ, ನನ್ನನ್ನು ಎದೆಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಸೈಕಲ್ ಹತ್ತಿ ತೋಟಕ್ಕೆ ಹೋಗುತ್ತಿದ್ದರು. ಮಡಿಗೆ ನೀರು ಹಾಯಿಸುವಾಗ ನಾನು ಮಂಟಪದಲ್ಲಿ ಬುಟ್ಟಿಯೊಳಗೆ ಮಲಗಿರುತ್ತಿದ್ದೆ. ಸಂಜೆ ಬಂದು ಅಮ್ಮನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ, ಕಷಾಯ ಕೊಟ್ಟು, ಏನೂ ನಡೆದೇ ಇಲ್ಲ ಅನ್ನುವ ಹಾಗೆ ತೋಟದ ಸುದ್ದಿ ಹೇಳುತ್ತಿದ್ದರು. ಮೂವತ್ತೊಂಬತ್ತನೆಯ ದಿನ ಅವರು ಬರುವುದು ತಡವಾಯಿತು. ಪಾರ್ಕು ಜಾಗ ಬದಲಿಸಿದ ಮೇಲೆ ಅದು ಊರಿನ ಆ ತುದಿಗೆ ಹೋಗಿತ್ತು. "ಸೈಕಲ್ ನಿಲ್ಲಿಸಿದ ಸದ್ದು ಕೇಳಿದಾಗ ನನಗೆ ಗೊತ್ತಾಯ್ತು," ಅಂದಳು ಅಮ್ಮ, "ನಾನು ಸಂಜೆಯಿಂದ ಬಾಗಿಲನ್ನೇ ನೋಡ್ತಾ ಕೂತಿದ್ದೆ ಅಂತ. ಅವರು ಒಳಗೆ ಬಂದ ತಕ್ಷಣ ಕೈ ಚಾಚಿದೆ. ಕೊಟ್ಟರು."

ಮಗುವಿನ ಕಡೆ ಬೆನ್ನು ಮಾಡಿ ಮಲಗುವ ತಾಯಂದಿರನ್ನು ನನ್ನ ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬೈಯುವ ಅತ್ತೆಯರನ್ನು ಹೊರಗೆ ಕಳಿಸಿ, ಇದು ಹೋಗುತ್ತೆ ತಾಯಿ, ನಿನ್ನ ತಪ್ಪಲ್ಲ ಅಂತ ಆ ಹೆಣ್ಣುಮಕ್ಕಳ ತಲೆ ಸವರಿದ್ದೇನೆ. ಆದರೆ ಆ ಹಾಸಿಗೆಯಲ್ಲಿ ಒಂದು ಸಲ ನಮ್ಮಮ್ಮ ಇದ್ದಳು, ಆ ಪಕ್ಕದ ಮಗು ನಾನು ಅಂತ ಕೇಳಿದಾಗ ನನ್ನ ತುತ್ತನ್ನು ಡಬ್ಬಿಗೇ ಹಾಕಿಬಿಟ್ಟೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಕೋಪ ಬಂತಾ ಅಂತ ಕೇಳಿದಳು. ಇಲ್ಲ ಅಂದೆ. ಅವಳು ನಂಬಲಿಲ್ಲ. ಡಬ್ಬಿ ತೊಳೆದು ಚೀಲಕ್ಕೆ ಹಾಕಿ ಸೈಕಲ್ ಹತ್ತಿದೆವು. ಅಲ್ಲಿಂದ ಮುಂದೆ ಉದ್ದದ ಇಳಿಜಾರು. ಅಮ್ಮ ಹೆದರಿ, ನನ್ನ ಸೊಂಟ ಬಿಟ್ಟು ಸೀಟಿನ ಕಂಬಿ ಹಿಡಿದಿದ್ದಾಳೆ ಅಂತ ಗೊತ್ತಾಯಿತು. ನಾನು ಒಂದು ಕೈ ಹಿಂದಕ್ಕೆ ಚಾಚಿ ಅವಳ ಕೈ ತಂದು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಇಳಿಜಾರು ಮುಗಿಯುವವರೆಗೂ ನಾವಿಬ್ಬರೂ ಅತ್ತೆವು. ಎದುರಿಗೆ ಬಂದ ಮುದುಕರೊಬ್ಬರು ಪಾರ್ಕು ಸಿಗದೆ ಅಳುತ್ತಿದ್ದೇವೆ ಅಂದುಕೊಂಡು, ಬಂದೀಖಾನೆಯ ಹಿಂದಿನ ಬಯಲು ನೋಡಿದಿರಾ ಅಂತ ಕೂಗಿ ಹೇಳಿದರು.

ನಿಜವಾಗಿಯೂ ಅದು ಅಲ್ಲೇ ಇತ್ತು. ಬಂದೀಖಾನೆಯ ಎತ್ತರದ ಗೋಡೆಯ ಪಕ್ಕದಲ್ಲಿ ಎಂಟು ಮೂಲೆಯ ಮಂಟಪ, ಅದರ ಸುತ್ತ ಕಾಲುದಾರಿ. ಸೇವಂತಿಗೆಯ ಮಡಿಗಳಿರಲಿಲ್ಲ, ಆ ಜಾಗದಲ್ಲಿ ಹುಲ್ಲು ಬೆಳೆಸಿದ್ದರು. ಗೇಟಿನ ಮೇಲೆ ಯಾರೋ ಮಂತ್ರಿಯ ಹೆಸರಿತ್ತು. ಅಮ್ಮ ಮಂಟಪದ ಮೆಟ್ಟಿಲು ಹತ್ತಿ, ನೆಲದ ಕಪ್ಪು ಬಿಳಿ ಕಲ್ಲುಗಳನ್ನು ನೋಡಿ, ಒಂದು ಮೂಲೆಯಲ್ಲಿ ಕೂತುಬಿಟ್ಟಳು. ನಾನು ಹುಟ್ಟಿದ ಜಾಗವನ್ನು ನಾನು ನೋಡಿದೆ. ತಣ್ಣಗಿತ್ತು. ಅಲ್ಲಿ ಇಬ್ಬರು ಹುಡುಗಿಯರು ಪರೀಕ್ಷೆಗೆ ಓದುತ್ತಿದ್ದರು.

ಬೇಲಿ ಕತ್ತರಿಸುತ್ತಿದ್ದ ಬೋರಲಿಂಗ ಅನ್ನುವ ತೋಟದ ಮೇಸ್ತ್ರಿಯನ್ನು ಚೆನ್ನಾಜಮ್ಮನವರ ಬಗ್ಗೆ ಕೇಳಿದೆ. ಇನ್ನೂ ಇದ್ದಾರಾ ಅಂತ ಕೇಳಲು ನಾಲಗೆ ಏಳದೆ, ಎಲ್ಲಿದ್ದಾರೆ ಅಂತಷ್ಟೇ ಕೇಳಿದೆ. ತನಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರೇ ಅವರು ಅಂದ ಬೋರಲಿಂಗ. ನಿವೃತ್ತಿಯಾದ ಮೇಲೂ ಪ್ರತಿ ತಿಂಗಳು ಪಾರ್ಕು ಹುಡುಕಿಕೊಂಡು ಬಂದು ಬೈದು ಹೋಗುತ್ತಿದ್ದರಂತೆ. ಆರು ವರ್ಷದಿಂದ ಮಂಡಿ ನೋವು, ಸೈಕಲ್ ತುಳಿಯಲಾಗದೆ ಮನೆಯಲ್ಲೇ ಇದ್ದಾರೆ, ಮನೆ ಅದೇ ಹಳೆಯ ವಠಾರ ಅಂತ ಹೇಳಿ ದಾರಿ ತಿಳಿಸಿದ.

ಮೂರನೆಯ ದಿನ ಬೆಳಿಗ್ಗೆ ಅಮ್ಮ ಹೊಸ ಸೀರೆ ಉಟ್ಟಳು. ವಠಾರದ ಕೊನೆಯ ಮನೆ. ಬಾಗಿಲ ಪಕ್ಕದ ಜಗಲಿಯ ಮೇಲೆ ಎಂಬತ್ತು ದಾಟಿದ ಒಬ್ಬರು, ಅಗಲವಾದ ಭುಜ, ಗಿಡ್ಡ ಕೂದಲು, ಕಾಲು ಚಾಚಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ಅಮ್ಮ ಎದುರಿಗೆ ಹೋಗಿ ನಿಂತು, "ಅಕ್ಕಾ, ನಾನು ಸುಂದ್ರಿ" ಅಂದಳು. ಚೆನ್ನಾಜಮ್ಮ ಅವಳನ್ನು ನೋಡಿದರು. ಆಮೇಲೆ ಅವಳನ್ನು ದಾಟಿ ನನ್ನನ್ನು ನೋಡಿದರು. ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡು, "ಸೇವಂತಿನಾ?" ಅಂತ ಕೇಳಿದರು.

ಆ ಹೆಸರು ಅವರೇ ಇಟ್ಟದ್ದು ಅಂತ ನನಗೆ ಗೊತ್ತಾದದ್ದು ಆಗ. ಬುಟ್ಟಿಯಲ್ಲಿದ್ದ ಮಗುವನ್ನು ಕರೆಯಲು ಏನಾದರೂ ಬೇಕಲ್ಲ ಅಂತ, ಎದುರಿಗಿದ್ದ ಹೂವಿನ ಹೆಸರಿನಲ್ಲಿ ಕರೆದರಂತೆ. ಅಮ್ಮ ಅದನ್ನೇ ಉಳಿಸಿಕೊಂಡಿದ್ದಳು. ಅದನ್ನು ಕೇಳಿ ಅವರು ಬಹಳ ಹೊತ್ತು ತಲೆ ಆಡಿಸಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ, ಮನೆ, ಗಂಡ, ಮಕ್ಕಳು ಎಲ್ಲ ಕೇಳಿದರು. ನನ್ನ ಕೆಲಸ ಹೆರಿಗೆ ಮಾಡಿಸುವುದು ಅಂದಾಗ ನಕ್ಕರು. ಅಮ್ಮ ಇವರನ್ನು ದೊಡ್ಡಮ್ಮ ಅನ್ನು ಅಂದಳು. ಅಂದೆ.

ಆಮೇಲೆ ಅಮ್ಮ ಬಂದ ಕೆಲಸ ಶುರುಮಾಡಿದಳು. ಇಷ್ಟು ವರ್ಷ ಬಾರದಿದ್ದದ್ದು ನಾಚಿಕೆಯಿಂದ ಅಂದಳು. ಹೆತ್ತ ಮಗುವನ್ನು ಬೇಡ ಅಂದವಳು ಯಾವ ಮುಖ ಇಟ್ಟುಕೊಂಡು ಬರಲಿ ಅಂದಳು. ನೀವು ದೇವರ ಹಾಗೆ ನನ್ನನ್ನು ಕಾಯ್ದಿರಿ, ನನಗೆ ಬುದ್ಧಿ ಬರಲಿ ಅಂತ ತಾಳ್ಮೆಯಿಂದ ಕಾದಿರಿ ಅಂತ ಹೇಳಿ ಅವರ ಕಾಲು ಹಿಡಿಯಲು ಬಗ್ಗಿದಳು. ಚೆನ್ನಾಜಮ್ಮ ಅವಳ ಭುಜ ಹಿಡಿದು ತಡೆದರು.

"ಹಂಗನ್ನಬೇಡ ಸುಂದ್ರಿ. ನಾನು ಅದಕ್ಕೆ ಕಾದಿದ್ದಲ್ಲ."

ಅಮ್ಮ ಅರ್ಥವಾಗದೆ ನೋಡಿದಳು.

"ನನಗೆ ಮಕ್ಕಳಿರಲಿಲ್ಲ. ಆಗೋದೂ ಇಲ್ಲ ಅಂತ ಹೇಳಿದ್ರು. ಗಂಡ ಅದಕ್ಕೇ ಬಿಟ್ಟು ಹೋಗಿದ್ದ. ನೀನು ಬೇಡ ಬೇಡ ಅಂತ ಅಂದಾಗೆಲ್ಲ ನನಗೆ ಒಳಗೊಳಗೇ ಖುಷಿ ಆಗೋದು. ಒಂದು ಮಾತು ಬುದ್ಧಿ ಹೇಳಲಿಲ್ಲ ನಾನು, ಹೇಳಿದ್ರೆ ಎಲ್ಲಿ ಮನಸ್ಸು ತಿರುಗುತ್ತೋ ಅಂತ. ಇವಳು ಎದ್ದು ಓಡಾಡೋ ಹಂಗಾದ್ರೆ ಸಾಕು, ಹೊರಟುಹೋಗ್ತಾಳೆ, ಮಗು ನನಗೆ ಉಳೀತದೆ ಅಂತ ದಿನ ಎಣಿಸ್ತಿದ್ದೆ. ಅವತ್ತು ನಾನು ತಡವಾಗಿ ಬಂದಿದ್ದು ಪಾರ್ಕು ದೂರ ಹೋಗಿದ್ದಕ್ಕಲ್ಲ. ಪೇಟೆಗೆ ಹೋಗಿ ತೊಟ್ಟಿಲು ನೋಡ್ಕೊಂಡು ಬಂದಿದ್ದೆ."

ವಠಾರದ ನಲ್ಲಿಯಲ್ಲಿ ಯಾರೋ ಕೊಡ ತುಂಬಿಸುತ್ತಿದ್ದರು. ಅದು ತುಂಬಿ ಚೆಲ್ಲಿತು. ಮತ್ತೆ ಚೆನ್ನಾಜಮ್ಮನೇ ಹೇಳಿದರು. ಕೈ ಚಾಚಿದಾಗ ಕೊಡದೆ ಇರಬಹುದಿತ್ತು, ಬಾಗಿಲಲ್ಲೇ ನಿಂತು ಒಂದು ಗಳಿಗೆ ಹಾಗೂ ಅಂದುಕೊಂಡೆ, ಮಗು ಅತ್ತಿತು, ನಿನ್ನ ಸೆರಗು ಒದ್ದೆಯಾಗಿದ್ದು ಕಾಣಿಸಿತು, ಕೊಟ್ಟೆ ಅಂದರು. ನೀವು ಊರಿಗೆ ಹೋದಮೇಲೆ ಹುಡುಕಿಕೊಂಡು ಬರಬೇಕು ಅಂತ ಎಷ್ಟೋ ಸಲ ಅನ್ನಿಸಿತು, ಇನ್ನೊಬ್ಬಳ ಮಗುವಿಗೆ ಆಸೆಪಟ್ಟವಳು ಅನ್ನುವ ಅಳುಕಿನಿಂದ ಸುಮ್ಮನಾದೆ ಅಂದರು.

ನಲವತ್ತೊಂಬತ್ತು ವರ್ಷ ಈ ಇಬ್ಬರು ಹೆಂಗಸರು, ಒಬ್ಬರು ನನ್ನನ್ನು ಬೇಡ ಅಂದದ್ದಕ್ಕೆ, ಇನ್ನೊಬ್ಬರು ಬೇಕು ಅಂದದ್ದಕ್ಕೆ, ಮುಖ ಮರೆಸಿಕೊಂಡು ಬದುಕಿದ್ದರು. ಅಮ್ಮ ಎದ್ದಳು. ಕೋಪಿಸಿಕೊಂಡು ಹೊರಟಳೇನೋ ಅಂತ ನಾನು ಹೆದರಿದೆ. ಅವಳು ನೇರ ಆ ಮನೆಯ ಒಳಗೆ ಹೋದಳು. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿಸಿತು. "ಕಾಫಿಪುಡಿ ಹಳೇ ಜಾಗದಲ್ಲೇ ಇದೆ" ಅಂತ ಒಳಗಿನಿಂದಲೇ ಹೇಳಿದಳು. ಮೂರು ಲೋಟ ಕಾಫಿ ತಂದು ಮೊದಲ ಲೋಟ ಅವರ ಕೈಗೆ ಕೊಟ್ಟು, ತಾನು ಅವರ ಇನ್ನೊಂದು ಪಕ್ಕದಲ್ಲಿ ಕೂತಳು. ಕೂತು ಮೆಲ್ಲಗೆ, "ನೀವು ಬುದ್ಧಿ ಹೇಳಿದ್ರೆ ನಾನು ಓಡಿಹೋಗ್ತಿದ್ದೆ ಅಕ್ಕ" ಅಂದಳು.

ಅವತ್ತು ಮಧ್ಯಾಹ್ನದ ಊಟ ಅಲ್ಲೇ ಆಯಿತು. ಮಾತಿಗೆ ಮಾತು ಬಂದು, ನಾವು ಗೋಪುರ, ಕೆರೆ, ಶಾಸನಸಭೆ ಎಲ್ಲ ನೋಡಿದೆವು, ಅರಮನೆ ಮಾತ್ರ ಬಾಕಿ ಅಂದೆ. ಚೆನ್ನಾಜಮ್ಮ ಅರಮನೆ ನೋಡಿಯೇ ಇರಲಿಲ್ಲ. ಅರಮನೆ ಏನು, ಗೋಪುರದ ಬುಡಕ್ಕೂ ಹೋಗಿರಲಿಲ್ಲ. "ಪಾರ್ಕು ಎಲ್ಲಿಗೆ ಹೋದ್ರೆ ಅಲ್ಲಿಗೆ ಹೋದೆ," ಅಂದರು. "ನಿಂತಲ್ಲೇ ನಿಂತಿರೋದನ್ನ ನೋಡಕ್ಕೆ ಪುರುಸೊತ್ತು ಎಲ್ಲಿತ್ತು?" ನಾಳೆ ಹೋಗೋಣ ಅಂದೆ. ಬಸ್ಸು ಮನೆಯ ಹತ್ತಿರವೇ ಸಿಗುತ್ತಿತ್ತು. ಅವರು ಬಸ್ಸು ಬೇಡ, ಸೈಕಲ್ಲಿನಲ್ಲಾದರೆ ಬರ್ತೀನಿ ಅಂದರು. ಅಮ್ಮ ತಾನು ಬಸ್ಸಿನಲ್ಲಿ ಬಂದು ಅರಮನೆಯ ಬಾಗಿಲಲ್ಲಿ ಕಾಯುತ್ತೇನೆ ಅಂದಳು.

ಮರುದಿನ ನನ್ನ ಹಿಂದೆ ಕೂತವರ ತೂಕ ಅಮ್ಮನ ಎರಡರಷ್ಟು. ಮೊದಲ ಏರಿನಲ್ಲೇ ನನ್ನ ಉಸಿರು ಕಟ್ಟಿತು. ಅವರು ಹಿಂದಿನಿಂದ, ಎಡಕ್ಕೆ ತಗೋ, ಅಲ್ಲಿ ಏರು ಕಡಿಮೆ, ಈ ಬೀದಿ ನನ್ನ ಕಾಲಿಗೆ ಗೊತ್ತು ಅಂತ ಹೇಳುತ್ತ ಬಂದರು. ಊರಿನ ಎಲ್ಲ ಬಯಲುಗಳೂ ಅವರಿಗೆ ಗೊತ್ತಿದ್ದವು. ಯಾವ ವರ್ಷ ವಾದ್ಯದ ತೋಟ ಎಲ್ಲಿ ನಿಂತಿತ್ತು, ಎಲ್ಲಿ ಹೊಸ ನೆಲ ಸಿಕ್ಕಿ ಹೂವು ದೊಡ್ಡದಾಗಿ ಬಿಟ್ಟಿತು, ಎಲ್ಲಿ ಮಣ್ಣಿನಲ್ಲಿ ಸುಣ್ಣ ಜಾಸ್ತಿ, ಎಲ್ಲ ಹೇಳಿದರು. ಒಂದು ಖಾಲಿ ಬಯಲಿನ ಹತ್ತಿರ ನಿಲ್ಲಿಸಲು ಹೇಳಿದರು. ಅಲ್ಲಿ ಬರೀ ಒಣಹುಲ್ಲು, ನಾಲ್ಕು ಎಮ್ಮೆ. ಮಗುವಾಗಿದ್ದಾಗ ನಾನು ಮೊದಲ ಸಲ ನಕ್ಕದ್ದು ಅಲ್ಲಂತೆ. ನಾನು ಸೈಕಲ್ ಹಿಡಿದುಕೊಂಡು ಆ ಎಮ್ಮೆಗಳನ್ನು ನೋಡುತ್ತ ನಿಂತೆ. ನನ್ನ ಬದುಕಿನ ಮೂವತ್ತೆಂಟು ದಿನ ಯಾರಿಗೂ ಬೇಡದೆ ಕಳೆದವು ಅಂತ ಎರಡು ದಿನದಿಂದ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಅಷ್ಟೂ ದಿನ ಒಬ್ಬರು ನನ್ನನ್ನು ಎದೆಗೆ ಕಟ್ಟಿಕೊಂಡು ಈ ಊರನ್ನೆಲ್ಲ ಸುತ್ತಿಸಿದ್ದರು. ಮತ್ತೆ ಸೈಕಲ್ ಹತ್ತಿದಾಗ ಬೆನ್ನಿಗೆ ತಾಗುತ್ತಿದ್ದ ಅವರ ಉಸಿರು ಬೆಚ್ಚಗಿತ್ತು.

ಅರಮನೆಯ ಬಾಗಿಲಲ್ಲಿ ಅಮ್ಮ ನಮಗಿಂತ ಒಂದು ಗಂಟೆ ಮೊದಲೇ ಬಂದು ನಿಂತಿದ್ದಳು. ಒಳಗೆ ತುಂಬಾ ನಡೆಯಬೇಕು, ನಡೆಯಲಾಗದವರಿಗೆ ಗಾಲಿಕುರ್ಚಿ ಕೊಡುತ್ತಾರೆ, ನಾನು ಹೇಳಿಟ್ಟಿದ್ದೇನೆ ಅಂದಳು. ಕುರ್ಚಿಯ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಪುಸ್ತಕ. ಕೂರುವವರ ಹೆಸರು, ತಳ್ಳುವವರ ಹೆಸರು, ಸಂಬಂಧ ಬರೆದು ಸಹಿ ಹಾಕಬೇಕು ಅಂದ ಅಲ್ಲಿದ್ದ ಕಾವಲುಗಾರ. ಮೊದಲೆರಡು ಬರೆದೆ. ಮೂರನೆಯದಕ್ಕೆ ದೊಡ್ಡಮ್ಮ ಅಂತ ಬರೆಯಲು ಹೊರಟೆ. ಅಮ್ಮ ನನ್ನ ಭುಜದ ಮೇಲಿಂದ ಇಣುಕುತ್ತಿದ್ದಳು. ಆ ಹೊಸ ಕಣ್ಣಿಗೆ ಎಲ್ಲ ಅಕ್ಷರವೂ ಕಾಣುತ್ತಿತ್ತು.

"ಮಗಳು ಅಂತ ಬರಿ" ಅಂದಳು.

ಕುರ್ಚಿಯಲ್ಲಿ ಕೂತಿದ್ದ ಚೆನ್ನಾಜಮ್ಮ ತಲೆ ಎತ್ತಲಿಲ್ಲ. ನಾನು ಬರೆದೆ. ಕಾವಲುಗಾರ ಪುಸ್ತಕ ತನ್ನ ಕಡೆ ಎಳೆದುಕೊಂಡು ಓದಿ, ಅಮ್ಮನನ್ನು ನೋಡಿ, ಹಾಗಾದರೆ ನೀವು ಯಾರು ಅಂತ ಕೇಳಿದ.

"ನಾನು ಬಸ್ಸಲ್ಲಿ ಬಂದೋಳು" ಅಂದು ಅಮ್ಮ ಚಪ್ಪಲಿ ಬಿಡುವ ಕಡೆ ನಡೆದಳು.

ನಾನು ಕುರ್ಚಿ ತಳ್ಳಿದೆ. ಮೊದಲ ಹಜಾರದಲ್ಲಿ ರಾಜರ ಚಿತ್ರಗಳಿದ್ದವು, ಎರಡನೆಯದರಲ್ಲಿ ಕತ್ತಿಗಳು. ಚೆನ್ನಾಜಮ್ಮ ಯಾವುದನ್ನೂ ನೋಡಿದ ಹಾಗೆ ಕಾಣಲಿಲ್ಲ. ಮೂರನೆಯದರ ಹೊಸ್ತಿಲಲ್ಲಿ ಕೈ ಹಿಂದಕ್ಕೆ ತಂದು, ಹಿಡಿಕೆಯ ಮೇಲಿದ್ದ ನನ್ನ ಕೈಯನ್ನು ತಡವಿ ಹಿಡಿದುಕೊಂಡರು. ಆ ಅಂಗೈ ಬೇರಿನ ಹಾಗೆ ಒರಟಾಗಿತ್ತು.

"ನಿಧಾನಕ್ಕೆ ತಳ್ಳವ್ವ," ಅಂದರು, "ಎಲ್ಲಾನೂ ನೋಡಬೇಕು."